ಚಾರಿಜಾರ್ಡ್‌ನ ಅರ್ಧ ಜೀವ ತಿನ್ನುವ ಸ್ಟೆಲ್ತ್ ರಾಕ್

ಪ್ರಶ್ನೆ: ಚಿಕ್ಕಂದಿನಲ್ಲಿ ಟಿವಿಯಲ್ಲಿ ಪೋಕೆಮಾನ್ ನೋಡಿದವನು, ಆಮೇಲೆ ಪೋಕೆಮಾನ್ ಗೋ ಆಡಿದವನು ನಾನು. ಈಗ ಗೆಳೆಯರ ಜೊತೆ ಪೋಕೆಮಾನ್ ಶೋಡೌನ್ ಎಂಬ ವೆಬ್‌ಸೈಟಿನಲ್ಲಿ ಆರಕ್ಕೆ ಆರು ಸಿಂಗಲ್ಸ್ (ಇಬ್ಬರಿಗೂ ಆರಾರು ಪೋಕೆಮಾನ್, ಕಣದಲ್ಲಿ ಒಂದಕ್ಕೊಂದು) ಆಡುತ್ತಿದ್ದೇನೆ. ನನ್ನ ಟೀಮಿನ ಹೀರೋ ಚಾರಿಜಾರ್ಡ್. ಎದುರಾಳಿ ಮೊದಲ ಟರ್ನ್‌ನಲ್ಲೇ ಸ್ಟೆಲ್ತ್ ರಾಕ್ ಹಾಕುತ್ತಾನೆ. ಆಮೇಲೆ ಚಾರಿಜಾರ್ಡ್ ಕಣಕ್ಕೆ ಕಾಲಿಟ್ಟ ಕೂಡಲೇ ಅರ್ಧ ಎಚ್‌ಪಿ (ಜೀವಬಲ) ಖಾಲಿ. ಪವರ್ ಅನ್ನುವುದೇ ಇಲ್ಲದ ಈ ಮೂವ್ 150 ಪವರ್‌ನ ಹೈಪರ್ ಬೀಮ್‌ಗಿಂತ ದೊಡ್ಡದು ಅಂತ ಗೆಳೆಯ ವಾದ ಮಾಡುತ್ತಾನೆ. ನಿಜವೇ? ಇಷ್ಟು ಅನ್ಯಾಯದ ಮೂವನ್ನು ಯಾಕೆ ಬ್ಯಾನ್ ಮಾಡಿಲ್ಲ? ನಾನು ಚಾರಿಜಾರ್ಡ್ ಬಿಟ್ಟುಬಿಡಬೇಕೇ?

ಉತ್ತರ: ನಿಮ್ಮ ಗೆಳೆಯ ಹೇಳಿದ್ದು ನಿಜ. ನೀವು ಆಡುತ್ತಿರುವ ಆರಕ್ಕೆ ಆರು ಸಿಂಗಲ್ಸ್ ಮಟ್ಟಿಗಂತೂ ಅದರಲ್ಲಿ ಅನುಮಾನವೇ ಇಲ್ಲ. ಹಾಗಂತ ಚಾರಿಜಾರ್ಡ್ ಬಿಡಬೇಕಾಗಿಲ್ಲ. ಈಗ ಆಡಿಸುತ್ತಿರುವ ರೀತಿ ಬದಲಾಯಿಸಿಕೊಳ್ಳಬೇಕು, ಅಷ್ಟೆ.

ಪೋಕೆಮಾನ್ ಗೋದಲ್ಲಿ ಈ ಮೂವ್ ಇಲ್ಲವೇ ಇಲ್ಲ. ಅಲ್ಲಿಂದ ಬಂದವರಿಗೆಲ್ಲ ಮೊದಲ ಸಲ ಇದೇ ಗಲಿಬಿಲಿ. ಸ್ಟೆಲ್ತ್ ರಾಕ್ ಹಾಕಿದ ಟರ್ನ್‌ನಲ್ಲಿ ಯಾರಿಗೂ ಏಟು ಬೀಳುವುದಿಲ್ಲ. ಚೂಪು ಕಲ್ಲುಗಳು ನಿಮ್ಮ ಬದಿಯ ಸುತ್ತ ಗಾಳಿಯಲ್ಲಿ ತೇಲುತ್ತ ನಿಲ್ಲುತ್ತವೆ. ಆಗ ಕಣದಲ್ಲಿ ಇರುವ ಪೋಕೆಮಾನ್‌ಗೆ ಒಂದು ಗೀರೂ ಇಲ್ಲ. ಆದರೆ ಅಲ್ಲಿಂದ ಮುಂದೆ ನಿಮ್ಮ ಕಡೆಯಿಂದ ಯಾವ ಪೋಕೆಮಾನ್ ಒಳಗೆ ಬಂದರೂ, ನೀವಾಗಿ ಸ್ವಿಚ್ ಮಾಡಿರಲಿ, ಇನ್ನೊಂದು ಸತ್ತ ಮೇಲೆ ಕಳಿಸಿರಲಿ, ಎದುರಾಳಿಯ ರೋರ್‌ಗೆ ಸಿಕ್ಕಿ ಎಳೆದುಕೊಂಡು ಬಂದಿರಲಿ, ಬಂದ ಕ್ಷಣಕ್ಕೆ ಕಲ್ಲಿನೇಟು. ಮಳೆ, ಬಿಸಿಲಿನ ಮೂವ್‌ಗಳ ಹಾಗೆ ಇಂತಿಷ್ಟು ಟರ್ನ್ ಆದ ಮೇಲೆ ತಾನಾಗಿ ಮುಗಿಯುವುದೂ ಇಲ್ಲ. ಯಾರಾದರೂ ತೆಗೆದುಹಾಕುವವರೆಗೆ, ಇಲ್ಲವೇ ಪಂದ್ಯ ಮುಗಿಯುವವರೆಗೆ ಅದು ಅಲ್ಲೇ.

ಏಟಿನ ಪ್ರಮಾಣ ಹೀಗೆ. ಮಾಮೂಲಿ ಪೋಕೆಮಾನ್‌ಗೆ ಅದರ ಪೂರ್ತಿ ಎಚ್‌ಪಿಯ ಎಂಟನೇ ಒಂದು ಭಾಗ, ಅಂದರೆ ಶೇ. 12.5. ಈ ಮೂವ್ ರಾಕ್ ಟೈಪಿನದು, ಅಂದರೆ ಕಲ್ಲಿನ ಜಾತಿಯದು. ಒಳಬಂದ ಪೋಕೆಮಾನ್‌ನ ಟೈಪಿಗೆ ರಾಕ್ ಹೆಚ್ಚು ತಾಗುವುದಾದರೆ ಈ ಎಂಟನೇ ಒಂದು ದುಪ್ಪಟ್ಟಾಗುತ್ತದೆ, ಕಡಿಮೆ ತಾಗುವುದಾದರೆ ಅರ್ಧವಾಗುತ್ತದೆ. ಫೈರ್, ಐಸ್, ಫ್ಲೈಯಿಂಗ್, ಬಗ್ ಈ ನಾಲ್ಕು ಟೈಪ್‌ಗಳಿಗೆ ರಾಕ್ ಅಂದರೆ ಆಗದು. ಇವುಗಳಲ್ಲಿ ಒಂದಿದ್ದರೆ ಶೇ. 25 ಹೋಗುತ್ತದೆ. ಎರಡು ಒಟ್ಟಿಗೆ ಇದ್ದರೆ ಶೇ. 50. ಚಾರಿಜಾರ್ಡ್ ಫೈರ್ ಮತ್ತು ಫ್ಲೈಯಿಂಗ್, ಆದ್ದರಿಂದ ಅರ್ಧ. ಅದೇ ಸಾಲಿನಲ್ಲಿ ಮೋಲ್ಟ್ರೆಸ್, ಹೋ-ಓ, ಆರ್ಟಿಕ್ಯೂನೋ, ಸೈಥರ್, ವೋಲ್ಕರೋನಾ ನಿಂತಿವೆ. ಫೈಟಿಂಗ್, ಗ್ರೌಂಡ್, ಸ್ಟೀಲ್ ಟೈಪ್‌ಗಳಿಗೆ ಏಟು ಕಡಿಮೆ. ಲುಕಾರಿಯೋ, ಎಕ್ಸ್‌ಕ್ಯಾಡ್ರಿಲ್, ಗ್ರೇಟ್ ಟಸ್ಕ್ ತರಹ ಇವುಗಳಲ್ಲಿ ಎರಡನ್ನು ಹೊತ್ತವುಗಳಿಗೆ ಮೂವತ್ತೆರಡನೇ ಒಂದು ಭಾಗ ಮಾತ್ರ, ಅಂದರೆ ಸುಮಾರು ಶೇ. 3. ಒಂದೇ ಎಚ್‌ಪಿ ಇಟ್ಟುಕೊಂಡು ವಂಡರ್ ಗಾರ್ಡ್ ಎಂಬ ರಕ್ಷಣೆಯ ಗುಣ ನಂಬಿ ಬದುಕುವ ಶೆಡಿಂಜಾ ಪಾಪ ಒಳಗೆ ಬಂದ ಕೂಡಲೇ ಸಾಯುತ್ತದೆ.

ಈ ಲೆಕ್ಕದಲ್ಲಿ ಎದುರಾಳಿಯ ಅಟ್ಯಾಕ್ ಎಷ್ಟು, ನಿಮ್ಮ ಡಿಫೆನ್ಸ್ ಎಷ್ಟು ಅನ್ನುವ ಮಾತೇ ಬರುವುದಿಲ್ಲ ನೋಡಿ. ಗೋಡೆಯಂಥ ಡಿಫೆನ್ಸ್ ಇದ್ದರೂ ಶೇಕಡಾವಾರು ಏಟು ಅಷ್ಟೇ. ಇನ್ನೊಂದು, ರಾಕ್ ಟೈಪಿನಿಂದ ಪೂರ್ತಿ ಪಾರಾಗುವ ಟೈಪ್ ಇಡೀ ಆಟದಲ್ಲಿ ಒಂದೂ ಇಲ್ಲ. ನಾರ್ಮಲ್ ಏಟು ಘೋಸ್ಟ್‌ಗೆ ತಾಗದು, ಎಲೆಕ್ಟ್ರಿಕ್ ಏಟು ಗ್ರೌಂಡ್‌ಗೆ ತಾಗದು, ಗ್ರೌಂಡ್ ಏಟು ಹಾರುವವುಗಳಿಗೆ ತಾಗದು. ರಾಕ್‌ಗೆ ಅಂಥ ತಡೆ ಇಲ್ಲ. 1999ರ ಗೋಲ್ಡ್, ಸಿಲ್ವರ್ ಆಟಗಳಲ್ಲೇ ಸ್ಪೈಕ್ಸ್ ಅನ್ನುವ ಇಂಥದ್ದೇ ಮೂವ್ ಬಂದಿತ್ತು. ಆದರೆ ಅದು ನೆಲದಲ್ಲಿ ಹರಡುವ ಮುಳ್ಳು. ಹಾರುವವುಗಳಿಗೂ ಮುಂದೆ ಬಂದ ಲೆವಿಟೇಟ್ (ತೇಲುವ ಗುಣ) ಇರುವವುಗಳಿಗೂ ಅದರ ಭಯವಿಲ್ಲ. ಸ್ಟೆಲ್ತ್ ರಾಕ್ ಆಗಿನ ಈ ಸಂದನ್ನೂ ಮುಚ್ಚಿತು, ಅದೂ ಹಾರುವವುಗಳಿಗೇ ಜಾಸ್ತಿ ಬೀಳುವ ಹಾಗೆ.

ಈಗ ನಿಮ್ಮ ಗೆಳೆಯನ ವಾದಕ್ಕೆ ಬರೋಣ. ಹೈಪರ್ ಬೀಮ್‌ಗೆ ಪವರ್ 150 ಇದೆ, ಒಪ್ಪಿದೆ. ನೂರಕ್ಕೆ ಹತ್ತು ಸಲ ಅದು ಗುರಿ ತಪ್ಪುತ್ತದೆ. ಹೊಡೆದ ಮೇಲೆ ಒಂದು ಟರ್ನ್ ಸುಮ್ಮನೆ ನಿಲ್ಲಬೇಕು. ಎದುರಾಳಿ ಘೋಸ್ಟ್ ಇಳಿಸಿದರೆ ಏನೂ ತಾಗಲಿಲ್ಲ. ಸ್ಟೀಲ್ ಇಳಿಸಿದರೆ ಅರ್ಧ ಮಾತ್ರ ತಾಗಿತು, ಆ ಮೇಲೆ ನಿಮ್ಮ ಪೋಕೆಮಾನ್ ಕಣದ ನಡುವೆ ಕೈಕಟ್ಟಿ ನಿಂತಿರುತ್ತದೆ. ಮೊದಲ ತಲೆಮಾರಿನ ಆಟಗಳಲ್ಲಿ ಹೈಪರ್ ಬೀಮ್‌ನಿಂದ ಎದುರಾಳಿ ಸತ್ತರೆ ಆ ಸುಮ್ಮನೆ ನಿಲ್ಲುವ ಟರ್ನ್ ಇರಲಿಲ್ಲ. ಆಗ ಅದು ನಿಜಕ್ಕೂ ಭಯಂಕರ ಮೂವ್. ಆ ಸವಲತ್ತು ಹೋದ ಮೇಲೆ ಸಿಂಗಲ್ಸ್‌ನಲ್ಲಿ ಅದನ್ನು ಗಂಭೀರವಾಗಿ ಆಡುವವರು ಬಲು ಕಡಿಮೆ.

ಸಿಂಗಲ್ಸ್ ಆಟದ ಜೀವಾಳ ಹೊಡೆಯುವುದಲ್ಲ, ಬದಲಾಯಿಸುವುದು. ಎದುರಾಳಿ ವಾಟರ್ ಮೂವ್ ಹೊಡೆಯುತ್ತಾನೆ ಅನ್ನಿಸಿದಾಗ ಚಾರಿಜಾರ್ಡನ್ನು ಹಿಂದೆ ಕರೆದು ಗ್ರಾಸ್ ಟೈಪ್ ಇಳಿಸುತ್ತೀರಿ. ಆಗ ಅವನೂ ಬದಲಾಯಿಸುತ್ತಾನೆ. ಒಂದು ಪಂದ್ಯದಲ್ಲಿ ಎರಡೂ ಕಡೆ ಸೇರಿ ಹತ್ತಾರು ಸಲ ಇದು ನಡೆಯುತ್ತದೆ. ಸ್ಟೆಲ್ತ್ ರಾಕ್ ಈ ದಾರಿಗೆ ಟೋಲ್ ಗೇಟ್ ಹಾಕಿದ ಹಾಗೆ. ದಾಟಿದಾಗಲೆಲ್ಲ ಕಟ್ಟಬೇಕು, ಬೈಕಿಗೆ ಕಡಿಮೆ, ಲಾರಿಗೆ ಜಾಸ್ತಿ. ನಿಮ್ಮ ಚಾರಿಜಾರ್ಡ್ ಈ ದಾರಿಯಲ್ಲಿ ಹದಿನಾರು ಚಕ್ರದ ಲಾರಿ. ಎದುರಾಳಿ ಖರ್ಚು ಮಾಡಿದ್ದು ಒಂದೇ ಟರ್ನ್. ವಸೂಲಿ ಮಾತ್ರ ಪಂದ್ಯ ಮುಗಿಯುವವರೆಗೂ ನಡೆಯುತ್ತದೆ.

ಶೇ. 12.5 ಅಂದರೆ ಹೊಸಬರಿಗೆ ಚಿಲ್ಲರೆ ಅನ್ನಿಸುತ್ತದೆ. ಹಾಗಲ್ಲ. ಈ ಆಟದಲ್ಲಿ ಪ್ರತಿ ಏಟಿಗೂ ಒಂದಿಷ್ಟು ಅದೃಷ್ಟ ಸೇರಿದೆ. ಲೆಕ್ಕ ಹಾಕಿ ಬಂದ ಏಟನ್ನು ಆಟ ಶೇ. 85ರಿಂದ 100ರ ನಡುವಿನ ಹದಿನಾರು ಮಟ್ಟಗಳಲ್ಲಿ ಯಾವುದೋ ಒಂದಕ್ಕೆ ಇಳಿಸುತ್ತದೆ. ಒಂದು ಮೂವ್ ಎದುರಾಳಿಯ ಶೇ. 44ರಿಂದ 52ರಷ್ಟು ಎಚ್‌ಪಿ ತೆಗೆಯುತ್ತದೆ ಅಂದುಕೊಳ್ಳಿ. ಎರಡು ಸಲ ಹೊಡೆದರೆ ಒಟ್ಟು 88ರಿಂದ 104. ಸಾಯಬಹುದು, ಸಾಯದೆಯೂ ಇರಬಹುದು. ಬರುವಾಗಲೇ ಕಲ್ಲಿಗೆ ಶೇ. 12.5 ಕೊಟ್ಟು ಬಂದಿದ್ದರೆ? ಅತಿ ಕಡಿಮೆ ಏಟು ಎರಡು ಸಲ ಬಿದ್ದರೂ 100.5. ಲೆಫ್ಟೋವರ್ಸ್ ತರಹದ ಚೇತರಿಕೆ ಇಲ್ಲದಿದ್ದರೆ ಅದೃಷ್ಟದ ಆಟ ಅಲ್ಲಿಗೆ ಮುಗಿಯಿತು. ಅನುಭವಿಗಳು ಟೀಮ್ ಕಟ್ಟುವಾಗ ‘ಕಲ್ಲಿದ್ದರೆ ಎರಡೇಟು, ಇಲ್ಲದಿದ್ದರೆ ಮೂರೇಟು’ ಅಂತ ಮಾತಾಡುವುದು ಇದನ್ನೇ.

ಇನ್ನೂ ಒಂದು ಕಿತಾಪತಿ ಇದೆ. ಪೂರ್ತಿ ಎಚ್‌ಪಿ ಇದ್ದಾಗ ಮಾತ್ರ ಕೆಲಸ ಮಾಡುವ ರಕ್ಷಣೆಗಳನ್ನೆಲ್ಲ ಈ ಕಲ್ಲು ಮುಂಚೆಯೇ ಒಡೆದುಹಾಕುತ್ತದೆ. ಫೋಕಸ್ ಸ್ಯಾಶ್ ಕಟ್ಟಿಕೊಂಡಿದ್ದರೆ ಎಂಥ ಏಟಿಗೂ ಒಂದು ಎಚ್‌ಪಿಯಲ್ಲಿ ಬದುಕಬಹುದು, ಆದರೆ ಕಲ್ಲು ತಾಗಿದ ಮೇಲೆ ಅದು ಬರೀ ಬಟ್ಟೆ. ಡ್ರಾಗನೈಟ್‌ನ ಮಲ್ಟಿಸ್ಕೇಲ್ ಪೂರ್ತಿ ಎಚ್‌ಪಿಯಲ್ಲಿ ಏಟನ್ನು ಅರ್ಧಕ್ಕಿಳಿಸುತ್ತದೆ. ಫ್ಲೈಯಿಂಗ್ ಟೈಪ್ ಇರುವುದರಿಂದ ಡ್ರಾಗನೈಟ್ ಒಳಬರುವಾಗಲೇ ಕಾಲು ಭಾಗ ಕಳೆದುಕೊಂಡು ಆ ಮಲ್ಟಿಸ್ಕೇಲನ್ನೂ ಕಳೆದುಕೊಳ್ಳುತ್ತದೆ.

ಹುಟ್ಟಿದ್ದು ಎಲ್ಲಿ ಅಂದರೆ 2006ರ ಸೆಪ್ಟೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಡೈಮಂಡ್, ಪರ್ಲ್ ಆಟಗಳಲ್ಲಿ. ಕಥೆಯ ಮೊದಲನೇ ಜಿಮ್‌ನಲ್ಲಿ, ಒರೆಬರ್ಗ್ ಊರಿನ ರೋರ್ಕ್‌ನನ್ನು ಸೋಲಿಸಿದರೆ ಅವನು ಕೊಡುವ ಟಿಎಂ 76 (ಟಿಎಂ ಅಂದರೆ ಮೂವ್ ಕಲಿಸುವ ಸಾಧನ) ಇದೇ. ಕಥೆ ಆಡುವ ಹುಡುಗರು ‘ಇದರಲ್ಲಿ ಏಟೇ ಇಲ್ಲವಲ್ಲ’ ಅಂತ ಅದನ್ನು ಚೀಲದ ತಳದಲ್ಲಿ ಹಾಕಿ ಮರೆತರು. ಕಂಪ್ಯೂಟರ್ ಎದುರಾಳಿಗಳು ಸ್ವಿಚ್ ಮಾಡುವುದೇ ಅಪರೂಪವಾದ್ದರಿಂದ ಅಲ್ಲಿ ಅದಕ್ಕೆ ಬೆಲೆಯೂ ಇಲ್ಲ. ಮನುಷ್ಯರ ಮೇಲೆ ಮನುಷ್ಯರು ಆಡುವಲ್ಲಿ ಮಾತ್ರ ಆಟವೇ ಬದಲಾಗಿಹೋಯಿತು.

ಆಗ ಟೀಮ್ ಪ್ರಿವ್ಯೂ ಇರಲಿಲ್ಲ. ಎದುರಾಳಿಯ ಆರು ಪೋಕೆಮಾನ್ ಯಾವುವು ಅಂತ ಮೊದಲೇ ತೋರಿಸುವ ಪದ್ಧತಿ ಮುಂದಿನ ತಲೆಮಾರಿನಲ್ಲಿ ಬಂತು. ಹಾಗಾಗಿ ಮೊದಲು ಇಳಿಯುವ ಪೋಕೆಮಾನ್ ಅನ್ನುವುದೇ ಒಂದು ವಿಶೇಷ ಹುದ್ದೆಯಾಯಿತು. ಏರೋಡ್ಯಾಕ್ಟಿಲ್‌ಗೆ ಫೋಕಸ್ ಸ್ಯಾಶ್ ಕಟ್ಟಿ, ಟಾಂಟ್‌ನಿಂದ ಎದುರಾಳಿ ಕಲ್ಲು ಹಾಕದಂತೆ ತಡೆದು, ತನ್ನ ಕಲ್ಲು ಹಾಕಿ ಸಾಯುವುದು ಒಂದು ದಾರಿ. ಅಜೆಲ್ಫ್ ಕಲ್ಲು ಹಾಕಿ ಎಕ್ಸ್‌ಪ್ಲೋಷನ್‌ನಲ್ಲಿ ತಾನೂ ಸಿಡಿದು ಎದುರಿನವನನ್ನೂ ಕರೆದುಕೊಂಡು ಹೋಗುವುದು ಇನ್ನೊಂದು ದಾರಿ. ಟಿಎಂ ಆದ್ದರಿಂದ ರಾಕ್, ಗ್ರೌಂಡ್, ಸ್ಟೀಲ್ ಟೈಪ್‌ಗಳು ಮಾತ್ರವಲ್ಲ, ಬ್ಲಿಸಿ, ಕ್ಲೆಫೇಬಲ್, ಜಿರಾಚಿ, ಕೊನೆಗೆ ಬೆಂಕಿಯ ಇನ್‌ಫರ್ನೇಪ್ ಕೂಡ ಅದನ್ನು ಕಲಿಯಬಹುದಿತ್ತು. ಇದಿಲ್ಲದ ಟೀಮ್ ಕಟ್ಟುವುದೇ ಮೂರ್ಖತನ ಅನ್ನುವ ಮಟ್ಟಕ್ಕೆ ಬಂತು.

ತೆಗೆಯುವ ದಾರಿಗಳೋ, ಬೆರಳೆಣಿಕೆ. ಮುಖ್ಯವಾಗಿದ್ದದ್ದು ರ್‍ಯಾಪಿಡ್ ಸ್ಪಿನ್. ಆಗ ಅದಕ್ಕೆ ಪವರ್ ಬರೀ 20. ಸ್ಟಾರ್ಮಿ, ಫೊರೆಟ್ರೆಸ್, ಟೆಂಟಾಕ್ರೂಯಲ್ ತರಹದ ಕೆಲವೇ ಪೋಕೆಮಾನ್‌ಗಳ ಹೊಟ್ಟೆಪಾಡು ಇದರ ಮೇಲೆ ನಡೆಯಿತು. ನಾರ್ಮಲ್ ಟೈಪಿನ ಮೂವ್ ಆದ್ದರಿಂದ ಎದುರಾಳಿ ಸರಿಯಾದ ಹೊತ್ತಿಗೆ ಒಂದು ಘೋಸ್ಟ್ ಇಳಿಸಿದರೆ ಸ್ಪಿನ್ ತಾಗುವುದಿಲ್ಲ, ಕಲ್ಲೂ ಹೋಗುವುದಿಲ್ಲ. ಈ ಕಾಲದಲ್ಲಿ ನಿಮ್ಮ ಚಾರಿಜಾರ್ಡ್ ಎಲ್ಲಿತ್ತು ಗೊತ್ತೇ? ಸ್ಮೋಗನ್ ಎಂಬ ಆಟಗಾರರ ಬಳಗ ಬಳಕೆಯ ಪ್ರಕಾರ ಪೋಕೆಮಾನ್‌ಗಳನ್ನು ಅಂತಸ್ತು ಅಂತಸ್ತಾಗಿ ವಿಂಗಡಿಸುತ್ತದೆ. ಅದರಲ್ಲಿ ಎನ್‌ಯು, ಅಂದರೆ ಆಗಿನ ತಳಮನೆಯಲ್ಲಿ. ಟಿವಿಯಲ್ಲಿ ನಾವೆಲ್ಲ ಬಾಯಿಬಿಟ್ಟುಕೊಂಡು ನೋಡಿದ ಆ ಚಾರಿಜಾರ್ಡ್! 2013ರಲ್ಲಿ ಎಕ್ಸ್, ವೈ ಆಟಗಳು ಬಂದು ಅದಕ್ಕೆ ಎರಡೆರಡು ಮೆಗಾ ರೂಪ ಸಿಕ್ಕ ಮೇಲೆಯೇ ಅದು ಮೇಲಿನ ಅಂತಸ್ತಿಗೆ ಹತ್ತಿದ್ದು. ಅದೇ ಆಟಗಳಲ್ಲಿ ಡಿಫಾಗ್ ಎಂಬ ಮೂವ್‌ನ ನಿಯಮ ಬದಲಾಗಿ, ಎರಡೂ ಬದಿಯ ಕಲ್ಲು ಮುಳ್ಳುಗಳನ್ನು ಒಂದೇ ಸಲಕ್ಕೆ ಗುಡಿಸುವಂತಾಯಿತು. ಇವೆರಡೂ ಒಟ್ಟಿಗೆ ಬಂದದ್ದು ಚಾರಿಜಾರ್ಡ್‌ನ ಪುಣ್ಯ.

ಹಾಗಾದರೆ ಬ್ಯಾನ್ ಯಾಕಿಲ್ಲ? ಈ ವಾದ ನಾಲ್ಕನೇ ತಲೆಮಾರಿನಿಂದ, ಅಂದರೆ ಡೈಮಂಡ್, ಪರ್ಲ್ ಕಾಲದಿಂದ, ನಡೆದೇ ಇದೆ. ಈ ಮೂವ್ ಬೇಡ ಅನ್ನುವವರ ಮಾತಿನಲ್ಲಿ ತೂಕವಿದೆ: ಒಂದೇ ಒಂದು ಮೂವ್ ಫೈರ್, ಐಸ್, ಬಗ್, ಫ್ಲೈಯಿಂಗ್ ಎಂಬ ನಾಲ್ಕು ಟೈಪ್‌ಗಳ ಹಣೆಬರಹ ಬರೆಯುವುದು ಸರಿಯೇ? ಐಸ್ ಟೈಪ್ ಮೊದಲೇ ಬಡಪಾಯಿ, ಅದಕ್ಕೆ ಇದೂ ಬೇಕಿತ್ತೇ? ಆದರೆ ಕಲ್ಲನ್ನು ತೆಗೆದ ಆಟವನ್ನು ಊಹಿಸಿ. ವೋಲ್ಕರೋನಾ ಪ್ರತಿ ಸಲ ಪೂರ್ತಿ ಎಚ್‌ಪಿಯಲ್ಲಿ ಒಳಬಂದು ತನ್ನ ಬಲ, ವೇಗ ಏರಿಸುವ ಕ್ವಿವರ್ ಡಾನ್ಸ್ ಆಡುತ್ತದೆ, ಡ್ರಾಗನೈಟ್ ಪ್ರತಿ ಸಲ ಮಲ್ಟಿಸ್ಕೇಲ್ ಹೊತ್ತೇ ಬರುತ್ತದೆ, ಗಟ್ಟಿ ಟೀಮಿನವನು ಖರ್ಚಿಲ್ಲದೆ ಅತ್ತಿಂದಿತ್ತ ಸ್ವಿಚ್ ಮಾಡುತ್ತ ಪಂದ್ಯವನ್ನು ಗಂಟೆಗಟ್ಟಲೆ ಎಳೆಯುತ್ತಾನೆ. ನನ್ನ ಮಟ್ಟಿಗೆ, 2006ರ ಹೊತ್ತಿನಲ್ಲಿ ದೂರು ನ್ಯಾಯವಾದದ್ದು. ಮೂವ್ ಕೆಟ್ಟದ್ದು ಅಂತಲ್ಲ, ಅದಕ್ಕೆ ಎದುರಾಗಿ ಆಟಗಾರನ ಕೈಗೆ ಕೊಟ್ಟದ್ದು ತೀರಾ ಕಡಿಮೆ ಅಂತ. ಇವತ್ತಿಗೆ ಆ ದೂರು ನಿಲ್ಲುವುದಿಲ್ಲ. ಅಂದ ಹಾಗೆ, ಚಾರಿಜಾರ್ಡ್‌ನಷ್ಟೇ ಏಟು ತಿನ್ನುವ ವೋಲ್ಕರೋನಾ ಐದನೇ ತಲೆಮಾರಿನಲ್ಲೇ ಮೇಲಿನ ಅಂತಸ್ತಿನಲ್ಲಿ ಆಡಿತು. ಒಂದು ಕ್ವಿವರ್ ಡಾನ್ಸ್‌ಗೆ ಜಾಗ ಸಿಕ್ಕಿದರೆ ಅರ್ಧ ಎಚ್‌ಪಿಯಲ್ಲೂ ಅದು ಪಂದ್ಯ ಗೆಲ್ಲುತ್ತಿತ್ತು. ಶೇ. 50 ಅಂದಮಾತ್ರಕ್ಕೆ ಮರಣದಂಡನೆಯಲ್ಲ.

ಈಗ ನಿಮ್ಮ ಚಾರಿಜಾರ್ಡ್. ಸುಲಭದ ಮದ್ದು ಹೆವಿ-ಡ್ಯೂಟಿ ಬೂಟ್ಸ್. 2019ರ ಸ್ವೋರ್ಡ್, ಶೀಲ್ಡ್ ಆಟಗಳಲ್ಲಿ ಬಂದ ಐಟಂ ಇದು. ತೊಡಿಸಿದರೆ ಕಲ್ಲು, ಮುಳ್ಳು, ವಿಷದ ಮುಳ್ಳು, ಬಲೆ ಯಾವುದೂ ಒಳಬರುವಾಗ ತಾಗುವುದಿಲ್ಲ. ಸಿಂಗಲ್ಸ್‌ನಲ್ಲಿ ಚಾರಿಜಾರ್ಡ್‌ಗೆ ಬೇರೆ ಐಟಂ ಕೊಡುವ ಮುಂಚೆ ಹತ್ತು ಸಲ ಯೋಚಿಸಿ. ಬೂಟ್ಸ್ ಹಾಕಿದರೆ ಲೈಫ್ ಆರ್ಬ್, ಚಾಯ್ಸ್ ಸ್ಪೆಕ್ಸ್‌ಗಳ ಹೆಚ್ಚುವರಿ ಬಲ ಸಿಗದು, ನಿಜ. ಜೊತೆಗೆ ಎದುರಾಳಿ ನಾಕ್ ಆಫ್ ಹೊಡೆದರೆ ಬೂಟ್ಸ್ ಕಳಚಿಬೀಳುತ್ತದೆ. ಆದ್ದರಿಂದ ನಾಕ್ ಆಫ್ ವಾಸನೆ ಬಂದ ಕಡೆ ಚಾರಿಜಾರ್ಡನ್ನು ಕಳಿಸಬೇಡಿ. ಈಗೀಗ ಕೆಲವರ ಟೀಮಿನಲ್ಲಿ ಆರಕ್ಕೆ ನಾಲ್ಕು ಪೋಕೆಮಾನ್ ಬೂಟ್ಸ್ ಹಾಕಿಕೊಂಡಿರುತ್ತವೆ. ಇದು ಇನ್ನೊಂದು ಅತಿ, ಆ ಜಗಳ ಬೇರೆ ದಿನಕ್ಕಿರಲಿ.

ಬೂಟ್ಸ್ ಹಾಕುವುದಿಲ್ಲ ಅಂತ ಹಟವಿದ್ದರೆ ಎಚ್‌ಪಿಯ ಸಂಖ್ಯೆ ನೋಡಿಕೊಳ್ಳಿ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಕಲ್ಲಿನೇಟಿನ ಲೆಕ್ಕದಲ್ಲಿ ಭಿನ್ನರಾಶಿ ಬಂದರೆ ಆಟ ಅದನ್ನು ಕೆಳಗಿನ ಪೂರ್ಣಾಂಕಕ್ಕೆ ಇಳಿಸುತ್ತದೆ. 100ನೇ ಲೆವೆಲ್‌ನ ಚಾರಿಜಾರ್ಡ್‌ಗೆ ಎಚ್‌ಪಿಯ ಐವಿ (ಹುಟ್ಟಿನಿಂದ ಬಂದ ಅಂಕ) 31 ಇದ್ದು ಇವಿ (ತರಬೇತಿಯಿಂದ ಸೇರಿಸುವ ಅಂಕ) ಏನೂ ಹಾಕದಿದ್ದರೆ ಎಚ್‌ಪಿ 297. ಅರ್ಧ 148.5, ಆಟ ತೆಗೆಯುವುದು 148. ಉಳಿದದ್ದು 149. ಎರಡನೇ ಸಲ ಒಳಬಂದಾಗ ಮತ್ತೆ 148 ಹೋಗಿ 1 ಉಳಿಯುತ್ತದೆ. ಬದುಕಿತು! ಈಗ ಯಾರೋ ಗಟ್ಟಿಯಾಗಲಿ ಅಂತ 252 ಇವಿಯನ್ನು ಎಚ್‌ಪಿಗೆ ಸುರಿದರು ಅನ್ನಿ. ಎಚ್‌ಪಿ 360 ಆಯಿತು. ಮೊದಲ ಸಲ 180, ಎರಡನೇ ಸಲ 180, ಕಣಕ್ಕೆ ಇಳಿಯುತ್ತಲೇ ಸಾವು. ಹೆಚ್ಚು ಎಚ್‌ಪಿ ಇದ್ದದ್ದೇ ಬೇಗ ಸತ್ತಿತು. ಅದಕ್ಕೇ ಅನುಭವಿಗಳು 252ರ ಬದಲು 248 ಹಾಕಿ 359ರ ಬೆಸಸಂಖ್ಯೆಯಲ್ಲಿ ನಿಲ್ಲಿಸುವುದು. ಬೇರೆಯವರ ಟೀಮುಗಳಲ್ಲಿ ಈ 248 ನೋಡಿ ತಲೆಕೆರೆದುಕೊಂಡಿದ್ದರೆ ಕಾರಣ ಸಾಮಾನ್ಯವಾಗಿ ಇದೇ. ಒಂದು ಎಚ್‌ಪಿಯ ಚಾರಿಜಾರ್ಡ್‌ನಿಂದ ಏನು ಉಪಯೋಗ ಅನ್ನಬೇಡಿ. ಎದುರಿಗಿರುವವನಿಗಿಂತ ಅದು ವೇಗವಾಗಿದ್ದರೆ ಇನ್ನೊಂದು ಬೆಂಕಿಯೇಟು ಹೊಡೆದೇ ಹೋಗುತ್ತದೆ. ನಡುವೆ ಎಚ್‌ಪಿ ತುಂಬಿಸುವ ಒಂದು ರೂಸ್ಟ್‌ಗೆ ಸಮಯ ಸಿಕ್ಕಿದರೆ ಲೆಕ್ಕ ಮತ್ತೆ ಹೊಸದಾಗಿ ಶುರು.

ಕಲ್ಲು ಬೀಳದಂತೆ ನೋಡಿಕೊಳ್ಳುವುದು, ಬಿದ್ದದ್ದನ್ನು ತೆಗೆಯುವುದು ಟೀಮಿನ ಉಳಿದವರ ಕೆಲಸ. ಹ್ಯಾಟರೀನ್, ಎಸ್ಪಿಯಾನ್‌ಗಳ ಮ್ಯಾಜಿಕ್ ಬೌನ್ಸ್ ಎದುರಾಳಿ ಹಾಕಿದ ಕಲ್ಲನ್ನು ಅವನ ಬದಿಗೇ ತಿರುಗಿಸಿ ಕಳಿಸುತ್ತದೆ. ಎದುರಿನವರ ಇಂಥ ಗುಣಗಳನ್ನು ಲೆಕ್ಕಿಸದ ಮೋಲ್ಡ್ ಬ್ರೇಕರ್ ಇರುವ ಎಕ್ಸ್‌ಕ್ಯಾಡ್ರಿಲ್ ಎದುರಿಗಿದ್ದರೆ ಮಾತ್ರ ಈ ಆಟ ನಡೆಯದು. ರ್‍ಯಾಪಿಡ್ ಸ್ಪಿನ್ ಈಗ ಮೊದಲಿನ ಬಡಪಾಯಿ ಅಲ್ಲ, ಎಂಟನೇ ತಲೆಮಾರಿನಿಂದ (ಸ್ವೋರ್ಡ್, ಶೀಲ್ಡ್) ಪವರ್ 50 ಆಗಿ, ಹೊಡೆದವನ ವೇಗವನ್ನೂ ಒಂದು ಹಂತ ಏರಿಸುತ್ತದೆ. ಒಂಬತ್ತನೇ ತಲೆಮಾರಿನ ನಿಯಮದಲ್ಲಿ ಆಡುತ್ತಿದ್ದರೆ ಗ್ರೇಟ್ ಟಸ್ಕ್ ಸೇರಿಸಿ. ಸ್ಪಿನ್ ಮಾಡುತ್ತದೆ, ಕಲ್ಲೂ ಹಾಕುತ್ತದೆ, ಅದಕ್ಕೆ ಕಲ್ಲಿನೇಟು ತಾಗುವುದೂ ಇಲ್ಲವೆನ್ನುವಷ್ಟು ಕಡಿಮೆ.

ಅಲ್ಲಿ ನಿಮಗೆ ಎದುರಾಗುವ ತಲೆನೋವಿನ ಹೆಸರು ಗೋಲ್ಡೆಂಗೊ. ಸ್ಟೀಲ್ ಮತ್ತು ಘೋಸ್ಟ್. ಘೋಸ್ಟ್ ಆದ್ದರಿಂದ ರ್‍ಯಾಪಿಡ್ ಸ್ಪಿನ್ ತಾಗದು. ವಿಷದ ಮಾರ್ಟಲ್ ಸ್ಪಿನ್ ತಂದರೆ ಸ್ಟೀಲ್ ಆದ್ದರಿಂದ ಅದೂ ತಾಗದು. ಡಿಫಾಗ್ ಮಾಡೋಣವೆಂದರೆ ಅದರ ಗುಡ್ ಆಸ್ ಗೋಲ್ಡ್ ಎಂಬ ಗುಣ ಬೇರೆಯವರ ಏಟಿಲ್ಲದ ಸ್ಟೇಟಸ್ ಮೂವ್‌ಗಳನ್ನೇ ತಡೆಯುತ್ತದೆ. ಮೂರೂ ಬಾಗಿಲಿಗೆ ಒಬ್ಬನೇ ಕಾವಲುಗಾರ. ಅದು ಒಳಬರುತ್ತದೆ ಅಂತ ಅನ್ನಿಸಿದ ಟರ್ನ್‌ನಲ್ಲಿ ಸ್ಪಿನ್ ಬಿಟ್ಟು ಗ್ರೌಂಡ್ ಏಟು ಹೊಡೆಯಿರಿ. ಗ್ರೇಟ್ ಟಸ್ಕ್‌ನ ಹೆಡ್‌ಲಾಂಗ್ ರಶ್ ಒಮ್ಮೆ ಸರಿಯಾಗಿ ಬಿದ್ದರೆ ಮತ್ತೆ ಕಾವಲಿಗೆ ಬರಲು ಹಿಂದೆಮುಂದೆ ನೋಡುತ್ತದೆ. ಇಲ್ಲವೇ ಗೋಲ್ಡೆಂಗೊವನ್ನು ಮುಟ್ಟುವ ಗೋಜೇ ಇಲ್ಲದ ಮೂವ್‌ಗಳಿಗೆ ಹೋಗಿ: ಮೌಸ್‌ಹೋಲ್ಡ್‌ನ ಟೈಡಿ ಅಪ್ ಎರಡೂ ಬದಿ ಗುಡಿಸುತ್ತದೆ, ಸಿಂಡರೇಸ್‌ನ ಕೋರ್ಟ್ ಚೇಂಜ್ ಎರಡೂ ಬದಿಯನ್ನು ಅದಲುಬದಲು ಮಾಡುತ್ತದೆ.

ಕಲ್ಲು ಇದೆ, ತೆಗೆಯುವವನು ಸತ್ತಿದ್ದಾನೆ, ಬೂಟ್ಸ್ ಹೋಗಿದೆ ಅನ್ನುವ ಪರಿಸ್ಥಿತಿಯೂ ಬರುತ್ತದೆ. ಆಗ ಚಾರಿಜಾರ್ಡ್ ಇಡೀ ಪಂದ್ಯದಲ್ಲಿ ಒಂದೇ ಸಲ ಬರುತ್ತದೆ ಅಂದುಕೊಂಡು ಆಡಿ. ಅದನ್ನು ತಡೆಯುವ ವಾಟರ್, ರಾಕ್ ಟೈಪ್‌ಗಳನ್ನು ಉಳಿದವರಿಂದ ಮೊದಲು ಮುಗಿಸಿ, ಕೊನೆಗೆ ಇಳಿಸಿ, ಇಳಿಸಿದ ಮೇಲೆ ವಾಪಸ್ ಕರೆಯಬೇಡಿ. ಟೆರಾ (ಪಂದ್ಯಕ್ಕೊಮ್ಮೆ ಒಂದು ಪೋಕೆಮಾನ್‌ನ ಟೈಪ್ ಬದಲಿಸುವ ಅವಕಾಶ) ಉಳಿದಿದ್ದರೆ ಇನ್ನೊಂದು ದಾರಿಯೂ ಇದೆ. ಚಾರಿಜಾರ್ಡ್ ಗ್ರೌಂಡ್ ಟೈಪಿಗೆ ಟೆರಾ ಆದ ಮೇಲೆ ಹೊರಹೋಗಿ ಮತ್ತೆ ಬಂದರೆ ಕಲ್ಲು ಹೊಸ ಟೈಪನ್ನೇ ನೋಡುತ್ತದೆ. ಅರ್ಧದ ಬದಲು ಹದಿನಾರನೇ ಒಂದು ಭಾಗ ಮಾತ್ರ ಹೋಗುತ್ತದೆ.

ಇಷ್ಟೆಲ್ಲ ಹೇಳಿದ್ದು ಸಿಂಗಲ್ಸ್‌ಗೆ. ಅಧಿಕೃತ ವಿಶ್ವ ಚಾಂಪಿಯನ್‌ಶಿಪ್‌ನ ಡಬಲ್ಸ್ ಮಾದರಿಯಲ್ಲಿ ಆರರಲ್ಲಿ ನಾಲ್ಕನ್ನು ಆರಿಸಿ ಎರಡೆರಡಾಗಿ ಇಳಿಸುತ್ತಾರೆ. ಹೊರಗೆ ಉಳಿಯುವುದು ಎರಡೇ, ಸ್ವಿಚ್ ಕಡಿಮೆ, ಪಂದ್ಯ ಬೇಗ ಮುಗಿಯುತ್ತದೆ. ಏಟಿಲ್ಲದೆ ಒಂದು ಟರ್ನ್ ಕಳೆಯುವುದು ಅಲ್ಲಿ ತುಂಬಾ ದುಬಾರಿ. ಹಾಗಾಗಿ ಸ್ಟೆಲ್ತ್ ರಾಕ್ ಅಲ್ಲಿ ಕಾಣಸಿಗುವುದು ಅಪರೂಪ. ನೀವು ಮುಂದೆ ಆ ಕಡೆ ಹೋದರೆ ಟೀಮಿನಿಂದ ಅದನ್ನು ತೆಗೆದು ಆ ಜಾಗಕ್ಕೆ ಏಟು ತಡೆಯುವ ಪ್ರೊಟೆಕ್ಟ್ ಹಾಕಿ, ಚಾರಿಜಾರ್ಡ್‌ನ ಬೂಟ್ಸನ್ನೂ ಬಿಚ್ಚಿ ಬೇರೆ ಐಟಂ ಕೊಡಿ.